ಹಳೆಬೂಟಿನ ಚಪ್ಪಾಳೆ

ಲೆಂಪಿ ರಾಜಲಾಳ ಕಿವಿಗೆ ಇಪ್ಪತ್ತೇಳು ಚಳಿಗಾಲ ಬಿಡುವೇ ಇರಲಿಲ್ಲ. ಮಿಷಿಗನ್ನಿನ ಉತ್ತರದ ತುದಿಯಲ್ಲಿ, ಸುಪೀರಿಯರ್ ಸರೋವರಕ್ಕೆ ಬೆನ್ನು ಕೊಟ್ಟು ಕೂತ ಕೌಂಟಿ ರಸ್ತೆ ಇಲಾಖೆಯ ಗ್ಯಾರೇಜಿನಲ್ಲಿ ವೈರ್‌ಲೆಸ್ ಮೇಜು ಅವಳದು. ನವೆಂಬರಿನಲ್ಲಿ ಮೊದಲ ಹಿಮ ಬಿದ್ದಲ್ಲಿಂದ ಏಪ್ರಿಲ್ ಮುಗಿಯುವವರೆಗೆ ಹಿಮ ಗೋರುವ ಹದಿನಾಲ್ಕು ಲಾರಿಗಳ ಚಾಲಕರು ಅವಳ ಕಿವಿಯೊಳಗೇ ಸಂಸಾರ ಹೂಡಿದ್ದರು. ಯಾರು ಯಾವ ತಿರುವಿನಲ್ಲಿದ್ದಾರೆ, ಯಾರ ಲಾರಿ ಹಳ್ಳಕ್ಕೆ ಜಾರಿತು, ಯಾರ ಹೆಂಡತಿ ಇವತ್ತು ಬುತ್ತಿಯ ಪ್ಯಾಸ್ಟಿ ಕಡುಬಿನೊಳಗೆ ಮಾಂಸಕ್ಕಿಂತ ಆಲೂಗಡ್ಡೆಯನ್ನೇ ಹೆಚ್ಚು ತುಂಬಿದ್ದಾಳೆ, ಎಲ್ಲ ಮೊದಲು ಗೊತ್ತಾಗುತ್ತಿದ್ದದ್ದು ಲೆಂಪಿಗೆ. ಒಂಬತ್ತನೇ ನಂಬರಿನ ಲಾರಿ ಅವಳ ಗಂಡ ಆರ್ವೋನದು. ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡದವನು ವೈರ್‌ಲೆಸ್ಸಿನಲ್ಲಿ ಭಾರೀ ಮಾತುಗಾರ. "ಮೇಜಿನಮ್ಮಾ, ಒಂಬತ್ತು ಮಾತಾಡ್ತಿದೀನಿ. ಇಲ್ಲೊಂದು ನರಿ ರಸ್ತೆ ಮಧ್ಯ ಕೂತು ನನ್ನನ್ನೇ ಗುರಾಯಿಸ್ತಾ ಇದೆ, ಏನ್ ಮಾಡ್ಲಿ?" ಅನ್ನುತ್ತಿದ್ದ. ಉಳಿದ ಹದಿಮೂರು ಲಾರಿಗಳಲ್ಲೂ ನಗು ಏಳುತ್ತಿತ್ತು.

ಒಂದು ಆಗಸ್ಟಿನ ಶನಿವಾರ ಆರ್ವೋ ಹಬೆಸ್ನಾನದ ಸೌನಾಮನೆಯ ಒಲೆಗೆ ಸೌದೆ ಒಡೆಯುತ್ತಿದ್ದವನು ಹಾಗೆಯೇ ಕುಸಿದು ಕೂತ, ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಶನಿವಾರದ ಸಂಜೆ ಸೌನಾಕ್ಕೆಂದು ಬರುತ್ತಿದ್ದ ಅಕ್ಕಪಕ್ಕದವರು ಒಂದೆರಡು ತಿಂಗಳು ಬಂದರು. ಗಂಡಸಿಲ್ಲದ ಮನೆಯ ಹಬೆಯಲ್ಲಿ ಹೋಗಿ ಕೂರುವುದು ಹೇಗೆ ಎಂದು ಅವರಿಗೆ ಸಂಕೋಚ, ಕರೆಯುವುದು ಹೇಗೆ ಎಂದು ಇವಳಿಗೆ ಸಂಕೋಚ. ಹಾಗೇ ನಿಂತುಹೋಯಿತು.

ಆದರೂ ವೈರ್‌ಲೆಸ್ ಇತ್ತು. ಅದಾದ ಎರಡನೇ ವರ್ಷ ನಾಲ್ಕು ಕೌಂಟಿಗಳ ವೈರ್‌ಲೆಸ್ಸನ್ನೆಲ್ಲ ಅರವತ್ತು ಮೈಲಿ ಆಚೆಯ ಒಂದೇ ಕಟ್ಟಡಕ್ಕೆ ಸಾಗಿಸಿದರು. ಲೆಂಪಿಗೆ ಕೆಲಸವೇನೂ ಹೋಗಲಿಲ್ಲ. ಗ್ಯಾರೇಜಿನ ಹಿಂಭಾಗದ ಬಿಡಿಭಾಗಗಳ ಕೋಣೆಯಲ್ಲಿ ಕೂರಿಸಿದರು. ಅಲ್ಲಿ ಬೋಲ್ಟು, ನಟ್ಟು, ಬೆಲ್ಟು, ಒಂದು ಹಳೆಯ ಕಂಪ್ಯೂಟರು. ಬೆಳಗ್ಗೆ ಏಳಕ್ಕೆ ಬಂದರೆ ಮಧ್ಯಾಹ್ನ ಮೂರೂವರೆಯವರೆಗೆ ಹೆಚ್ಚೆಂದರೆ ಐದಾರು ಜನ ಕಿಟಕಿಗೆ ಬಂದು ಬೇಕಾದ್ದು ಕೇಳಿ ಹೋಗುತ್ತಿದ್ದರು. ಮೊದಲ ವಾರ ಅವಳಿಗೆ ಕಿವಿಯೇ ಕೆಟ್ಟಿದೆಯೇನೋ ಅನ್ನಿಸಿ ಡಾಕ್ಟರ ಹತ್ತಿರವೂ ಹೋಗಿ ಬಂದಳು. ಡಾಕ್ಟರು ನೋಡಿ, "ಕಿವಿ ಚೆನ್ನಾಗೇ ಇದೆ ಕಣ್ರೀ" ಅಂದರು.

ಊರಿನ ಗ್ರಂಥಾಲಯದ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು: ಆಟ ಆಡುತ್ತಾ ಪ್ರೋಗ್ರಾಮಿಂಗ್ ಕಲಿಯಿರಿ, ನಾಲ್ಕು ಗುರುವಾರ, ಯಾರು ಬೇಕಾದರೂ ಬರಬಹುದು. ದಿನವಿಡೀ ಆ ಹಳೆಯ ಕಂಪ್ಯೂಟರಿನ ಮುಖ ನೋಡುತ್ತಾ ಕೂರುವ ಲೆಂಪಿಗೆ, ಅದರೊಳಗೆ ಏನು ನಡೆಯುತ್ತದೋ ನೋಡೋಣ ಅನ್ನಿಸಿತು. ಮೊದಲ ಗುರುವಾರ ಆರು ಜನ ಬಂದಿದ್ದರು. ಎರಡನೆಯದಕ್ಕೆ ಮೂವರು. ಮೂರನೆಯದಕ್ಕೆ ಹೋದರೆ ಗ್ರಂಥಪಾಲಕಿ ಡಾಲ್‌ಬೆಕ್ ಒಬ್ಬರೇ ಕುರ್ಚಿ ಎತ್ತಿಡುತ್ತಿದ್ದರು.

"ಲೆಂಪಿ, ಬಂದಿದ್ದು ನೀವೊಬ್ರೇ. ಕಾಲೇಜಿನ ಮೇಷ್ಟ್ರು, ಒಬ್ಬರಿಗೋಸ್ಕರ ಅಷ್ಟು ದೂರ ಬರೋಕಾಗಲ್ಲ ಅಂದ್ಬಿಟ್ರು."

"ಹಾಗಾದ್ರೆ ಮುಗೀತಾ?"

"ತರಗತಿ ಮುಗೀತು. ಆ ಆಟದ ತಾಣ ಎಲ್ಲಿಗೂ ಹೋಗಲ್ಲ. ಮನೇಲಿ ಕೂತ್ಕೊಂಡು ಆಡಿ. ನಿಮಗೇನು, ಬೇಕಾದಷ್ಟು ಹೊತ್ತಿದೆ."

ಆಕೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ಕೊನೆಯ ಆ ಮಾತು ಲೆಂಪಿಯನ್ನು ಮನೆಯವರೆಗೂ ಚುಚ್ಚುತ್ತಾ ಬಂತು.

ಮನೆಯಲ್ಲಿ ಅವಳು ಅಡುಗೆಮನೆಯ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡಳು. ತಾಣದ ರೀತಿ ಸರಳವಾಗಿತ್ತು. ದಿನಕ್ಕೊಂದು ಸವಾಲು ಕೊಡುತ್ತಿದ್ದರು. ಕೋಡ್ ಬರೆದು ಗುಂಡಿ ಒತ್ತಿದರೆ ಅವರದೇ ಪರೀಕ್ಷೆಗಳು ಓಡುತ್ತಿದ್ದವು. ಸರಿಯಿದ್ದರೆ ಪರದೆಯ ಮೇಲಿನ ಪಟ್ಟಿ ಹಸಿರಾಗುತ್ತಿತ್ತು, ಅಂಕ ಬರುತ್ತಿತ್ತು, ಒಂದು ನೀರುನಾಯಿಯ ಚಿತ್ರ ಮೆಟ್ಟಿಲು ಹತ್ತಿ ಕುಣಿಯುತ್ತಿತ್ತು. ಎಂಟನೇ ದರ್ಜೆಯಿಂದ ಶುರುವಾಗಿ ಒಂದನೇ ದರ್ಜೆಗೆ ಏರಬೇಕು. ಎರಡು ಸಂಖ್ಯೆ ಕೂಡಿಸುವ ಮೊದಲ ಸವಾಲು ಗೆದ್ದಾಗ ಪರದೆಯ ಮೇಲೆ "ಭೇಷ್, ಲೆಂಪಿ!" ಎಂದು ಮೂಡಿತು. ಆ ಮನೆಯೊಳಗೆ ಅವಳ ಹೆಸರು ಹೇಳಿ ಯಾರಾದರೂ ಮಾತಾಡಿ ಎಷ್ಟೋ ದಿನವಾಗಿತ್ತು. ಇಷ್ಟಕ್ಕೆಲ್ಲ ಹಿಗ್ಗಬಾರದು ಎಂದು ತನ್ನನ್ನೇ ಗದರಿಕೊಂಡು ಎದ್ದು ಪಾತ್ರೆ ತೊಳೆದಳು. ಮರುದಿನ ಸಂಜೆ ಐದಕ್ಕೆ ಸರಿಯಾಗಿ ಮತ್ತೆ ಕೂತಳು.

ಹೀಗೆ ಸಂಜೆ ಐದು ಅವಳ ಹೊತ್ತಾಯಿತು. ಸೂಪು, ಒಂದು ತುಂಡು ಏಲಕ್ಕಿಯ ನಿಸು ಬ್ರೆಡ್ಡು, ಕಾಫಿ, ಆಮೇಲೆ ಸವಾಲು. ಮೊದಲು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು, ಬೆರಳಿಟ್ಟು ಓದಿ, ನಂತರವೇ ಟೈಪು ಮಾಡುತ್ತಿದ್ದಳು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪು ಬಂದಾಗ ವಾರಗಟ್ಟಲೆ ತಲೆಗೆ ಹತ್ತಲಿಲ್ಲ. ಕೊನೆಗೆ ಅದನ್ನು ರಸ್ತೆಗೆ ಒಯ್ದು ನೋಡಿದಳು: ರಸ್ತೆ ಮುಗಿಯುವವರೆಗೆ ಗೋರುತ್ತಾ ಹೋಗು, ಮುಗಿದರೆ ತಿರುಗು. ಅಷ್ಟೇ ತಾನೆ! ಆದರೂ ಒಂದು ಸವಾಲು ನಾಲ್ಕು ದಿನ ಕೈಗೆ ಸಿಗಲಿಲ್ಲ. ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡಬೇಕೆಂದು ಮರೆತು ಒಂದರಿಂದ ಮಾಡುತ್ತಿದ್ದಳು; ಹಾಗಾಗಿ ಪ್ರತಿ ಸಲವೂ ಸಾಲಿನ ಮೊದಲನೆಯದು ತಪ್ಪಿಹೋಗುತ್ತಿತ್ತು. ತಪ್ಪು ಕಂಡ ಹೊತ್ತಿಗೆ ಅವಳಿಗೆ ಬಂದ ನಗು ಎಂಥದ್ದೆಂದರೆ, ಅದನ್ನು ಯಾರಿಗಾದರೂ ಹೇಳಲೇಬೇಕಿತ್ತು. ಫೋನು ಕೈಗೆತ್ತಿಕೊಂಡಳು. ಯಾರಿಗೆ ಅಂತ ಮಾಡುವುದು? ಮತ್ತೆ ಕೆಳಗಿಟ್ಟಳು.

ಗ್ಯಾರೇಜಿನಲ್ಲಿ ಅವಳನ್ನು ಮಾತಾಡಿಸುತ್ತಿದ್ದವನು ಆರನೇ ನಂಬರಿನ ಲಾರಿಯ ಡ್ವೇನ್ ಹೈಕ್ಕಿನೆನ್ ಒಬ್ಬನೇ. ಆರ್ವೋನ ಜತೆ ಮೀನು ಹಿಡಿಯಲು ಹೋಗುತ್ತಿದ್ದ ಹಳೆಯ ಗೆಳೆಯ. ಅವಳ ನೋಟ್‌ಬುಕ್ಕನ್ನು ಕಿಟಕಿಯಿಂದ ಇಣುಕಿ ನೋಡಿ, "ಏನ್ ಲೆಂಪಿ, ಈ ವಯಸ್ಸಲ್ಲಿ ಕಂಪ್ಯೂಟರ್ ಪರೀಕ್ಷೆಗೆ ಕೂರ್ತೀಯೇನು?" ಎಂದು ಕೆಣಕಿದ.

"ಆಟ ಕಣೋ. ಗೆದ್ರೆ ನೀರುನಾಯಿ ಕುಣಿಯುತ್ತೆ."

"ನೀರುನಾಯಿ ಬೇಕಿದ್ರೆ ಹಳ್ಳದ ಹತ್ರ ಬಾ, ಪರೀಕ್ಷೆ ಇಲ್ಲದೇನೇ ತೋರಿಸ್ತೀನಿ."

"ಹೋಗೋ, ನಿನ್ನ ಬೆಲ್ಟು ತಗೊಂಡು."

ಆ ತಾಣದಲ್ಲಿ ವಾರವಾರ ಮೂವತ್ತು ಜನರ ಒಂದು ಪಟ್ಟಿ ಮಾಡುತ್ತಿದ್ದರು, ಅಂಕದ ಪ್ರಕಾರ ಮೇಲೆ ಕೆಳಗೆ. ಲೆಂಪಿಯ ಪಟ್ಟಿಯಲ್ಲಿ ಜನ ಬರುತ್ತಿದ್ದರು, ಹೋಗುತ್ತಿದ್ದರು. ಒಂದು ಹೆಸರು ಮಾತ್ರ ಎರಡನೇ ತಿಂಗಳಿಂದ ಕದಲಲಿಲ್ಲ. 'ಹಳೆಬೂಟು' ಎಂದು ಹೆಸರಿಟ್ಟುಕೊಂಡಿದ್ದ ಯಾರೋ. ಯಾವಾಗಲೂ ಅವಳಿಗಿಂತ ಹತ್ತೋ ಹದಿನೈದೋ ಅಂಕ ಮುಂದೆ. ಪಟ್ಟಿಯಲ್ಲಿರುವವರ ಜತೆ ಮಾತಾಡಲು ಅವಕಾಶವಿರಲಿಲ್ಲ. ಒಬ್ಬರ ಗೆಲುವಿಗೆ ಇನ್ನೊಬ್ಬರು ಚಪ್ಪಾಳೆಯ ಗುರುತೊಂದನ್ನು ಕಳಿಸಬಹುದಿತ್ತು. ಅವಳು ಸವಾಲು ಮುಗಿಸಿದ ಕೂಡಲೇ ಹಳೆಬೂಟಿನ ಚಪ್ಪಾಳೆ ಬರುತ್ತಿತ್ತು. ಅವಳೂ ತಿರುಗಿ ಕಳಿಸುತ್ತಿದ್ದಳು.

ಬರುಬರುತ್ತಾ ಅವಳ ಮನಸ್ಸಿನಲ್ಲಿ ಹಳೆಬೂಟಿಗೊಂದು ಮುಖ ಬಂತು. ಅರವತ್ತು ದಾಟಿದ ಗಂಡಸು, ಕೆನಡಾದ ಕಡೆಯವನಿರಬೇಕು, ಒಂದು ಮುದಿ ನಾಯಿಯಿದೆ, ಹೆಚ್ಚು ಮಾತಿಲ್ಲ. ಅವನೂ ಐದು ಗಂಟೆಗೆ ಕಾಫಿ ಕಾಯಿಸಿಕೊಂಡು ಕೂರುತ್ತಾನೆ. ಎರಡನೇ ಚಳಿಗಾಲದಲ್ಲಿ ಲೆಂಪಿಗೆ ಜ್ವರ ಬಂದು ವಾರವಿಡೀ ಒಂದೇ ಸವಾಲು ಮಾಡಲಾಯಿತು. ಎದ್ದು ಪಟ್ಟಿ ನೋಡಿದರೆ ಹಳೆಬೂಟೂ ಆ ವಾರ ಮೇಲೇರಿರಲಿಲ್ಲ. 'ಪಾಪ, ಅವನಿಗೂ ಮೈ ಹುಷಾರಿರಲಿಲ್ಲವೇನೋ' ಅಂದುಕೊಂಡಳು. ಕ್ರಿಸ್ಮಸ್ಸಿನ ದಿನವೂ ಅವನ ಚಪ್ಪಾಳೆ ಬಂತು. ಹಬ್ಬದ ದಿನ ಅವನಿಗೂ ಯಾರೂ ಇಲ್ಲ ಎಂದು ಅವಳ ಕಣ್ಣು ತುಂಬಿತು. ಅದರ ಹಿಂದೆಯೇ ಒಂದು ಸಮಾಧಾನವೂ ಬಂತು, ಅದಕ್ಕೆ ನಾಚಿಕೆಯೂ ಆಯಿತು.

ಐದನೇ ದರ್ಜೆಗೆ ಬಂದಾಗ ಹೊಸ ಬಗೆಯ ಸವಾಲುಗಳು ಶುರುವಾದವು. ದಿನಾಂಕ, ಗಂಟೆ, ನಿಮಿಷಗಳ ಉದ್ದನೆಯ ಪಟ್ಟಿಯನ್ನು ಓದಿಸಿ, ಎರಡು ಹೊತ್ತುಗಳ ನಡುವಿನ ಅಂತರ ತೆಗೆಯಬೇಕು. ನಿಮ್ಮದೇ ಯಾವುದಾದರೂ ಪಟ್ಟಿಯನ್ನು ತೆಗೆದುಕೊಂಡು ಅಭ್ಯಾಸ ಮಾಡಿ ಎಂದಿದ್ದರು. ಲೆಂಪಿಗೆ ಹೊಳೆದದ್ದು ಚಪ್ಪಾಳೆಗಳು. ತನ್ನ ಖಾತೆಯ ಇತಿಹಾಸವನ್ನೆಲ್ಲ ಇಳಿಸಿಕೊಂಡು, ತಾನು ಸವಾಲು ಮುಗಿಸಿದ ಹೊತ್ತು ಒಂದು ಕಡೆ, ಹಳೆಬೂಟಿನ ಚಪ್ಪಾಳೆ ಬಂದ ಹೊತ್ತು ಇನ್ನೊಂದು ಕಡೆ ಇಟ್ಟು ಪ್ರೋಗ್ರಾಮು ಬರೆದಳು. ಅವನು ಯಾವ ದಿನ ಹೆಚ್ಚು ಬೇಗ ಚಪ್ಪಾಳೆ ಕೊಟ್ಟಿದ್ದಾನೆ ನೋಡೋಣ ಎಂಬ ಆಸೆ, ಅಷ್ಟೇ.

ಮುನ್ನೂರ ಎಂಬತ್ತೆಂಟು ಚಪ್ಪಾಳೆಗಳು. ಒಂದೊಂದೂ ನಲವತ್ತು ಸೆಕೆಂಡಿಗೆ ಕಡಿಮೆಯಿಲ್ಲದೆ ತೊಂಬತ್ತಕ್ಕೆ ಮೀರದೆ ಬಂದಿತ್ತು. ಒಂದು ಭಾನುವಾರ ಅವಳು ಚರ್ಚಿಗೆ ಮೊದಲು ಬೆಳಗ್ಗೆ ಆರಕ್ಕೇ ಕೂತಿದ್ದಳು, ಅವತ್ತು ಎಪ್ಪತ್ತೊಂದು ಸೆಕೆಂಡು. ಸರೋವರದಿಂದ ಎದ್ದ ಬಿರುಗಾಳಿಗೆ ಕರೆಂಟು ಹೋಗಿ ಎರಡು ದಿನ ಬಿಟ್ಟು ಮಧ್ಯಾಹ್ನ ಮಾಡಿದ್ದಳು, ಅವತ್ತು ಐವತ್ತೆಂಟು. ಒಂದು ದಿನವೂ ಅವನು ಮರೆತಿರಲಿಲ್ಲ, ತಡ ಮಾಡಿರಲಿಲ್ಲ, ಬೇರೆಲ್ಲೂ ಹೋಗಿರಲಿಲ್ಲ.

ಲೆಂಪಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ತನ್ನ ಕೋಡೇ ತಪ್ಪಿರಬೇಕು. ಸಾಲು ಸಾಲಾಗಿ ಬೆರಳಿಟ್ಟು ಓದಿದಳು. ಎರಡನೇ ಸಲ ಬೇರೆ ರೀತಿಯಲ್ಲಿ ಬರೆದಳು. ಮೂರನೇ ಸಲ ಪೆನ್ಸಿಲು ಹಿಡಿದು ಹತ್ತು ದಿನದ್ದನ್ನು ಕೈಯಲ್ಲೇ ಕಳೆದಳು. ಇಷ್ಟು ದಿನ ಪಟ್ಟಿ ಹಸಿರಾಗಲಿ ಎಂದು ಬೇಡಿಕೊಂಡವಳು ಅವತ್ತು ತನ್ನದು ತಪ್ಪಾಗಿರಲಿ ಎಂದು ಹಾರೈಸಿದಳು. ತಪ್ಪಿರಲಿಲ್ಲ. ಅವನ ಅಂಕಗಳನ್ನೂ ತೆಗೆದು ನೋಡಿದಳು. ಅವಳು ಓಡಿದ ವಾರ ಅವನೂ ಓಡಿದ್ದ, ಅವಳು ಮಲಗಿದ ವಾರ ಅವನೂ ಮಲಗಿದ್ದ.

ತಾಣದವರಿಗೆ ಪತ್ರ ಬರೆದಳು: ಹಳೆಬೂಟು ಮನುಷ್ಯನೇ? ಎರಡು ದಿನಕ್ಕೆ ಬಹಳ ವಿನಯದ ಉತ್ತರ ಬಂತು. ಕೆಲವು ಪಟ್ಟಿಗಳಲ್ಲಿ ಕಲಿಯುವವರ ಹುರುಪು ಇಳಿಯದಿರಲೆಂದು ಕಂಪ್ಯೂಟರೇ ನಡೆಸುವ 'ಅಭ್ಯಾಸದ ಜತೆಗಾರರನ್ನು' ಸೇರಿಸಲಾಗುತ್ತದೆ; ಹೆಚ್ಚಿನವರು ಇದನ್ನು ಇಷ್ಟಪಟ್ಟಿದ್ದಾರೆ; ಷರತ್ತುಗಳಲ್ಲಿ ಈ ವಿಷಯ ಇದೆ. ಕೆಳಗೆ ಯಾರ ಹೆಸರೂ ಇರಲಿಲ್ಲ, 'ನಿಮ್ಮ ಬಳಗ' ಎಂದಿತ್ತು. 'ಬಳಗದಲ್ಲಿ ಮನುಷ್ಯರು ಯಾರಾದರೂ ಇದ್ದರೆ ಹೆಸರು ತಿಳಿಸಿ' ಎಂದು ಲೆಂಪಿ ಮತ್ತೆ ಬರೆದಳು. ಅದಕ್ಕೆ ಉತ್ತರ ಬರಲಿಲ್ಲ.

ಅವಳು ಲ್ಯಾಪ್‌ಟಾಪನ್ನು ಮುಚ್ಚಿ ಬ್ರೆಡ್ಡಿನ ಡಬ್ಬಿಯ ಮೇಲಿಟ್ಟಳು. ಸಂಜೆ ಐದಕ್ಕೆ ಕೈಗೆ ಏನು ಕೆಲಸ ಕೊಡಬೇಕೆಂದು ತೋಚದೆ ಒಂದು ದಿನ ಕಪಾಟು ಒರೆಸಿದಳು, ಇನ್ನೊಂದು ದಿನ ಒರೆಸಿದ ಕಪಾಟನ್ನೇ ಒರೆಸಿದಳು. ಸತ್ತವರಿಗೆ ಅಳುವುದು ಅವಳಿಗೆ ಗೊತ್ತಿತ್ತು. ಹುಟ್ಟಿಯೇ ಇರದವನಿಗೆ ಹೇಗೆ ಅಳುವುದು, ಯಾರ ಮುಂದೆ ಅಳುವುದು?

ಆ ವಾರ ಡ್ವೇನ್ ಕಿಟಕಿಗೆ ಬಂದವನು ಅವಳ ಮುಖ ನೋಡಿ ಬಿಡಲಿಲ್ಲ.

"ಏನಾಯ್ತು? ನೀರುನಾಯಿ ಸತ್ತೋಯ್ತಾ?"

ಹೇಳಬಾರದೆಂದಿದ್ದವಳು ಹೇಳಿಬಿಟ್ಟಳು. ಡ್ವೇನ್ ಕಿಟಕಿಯ ಚೌಕಟ್ಟು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಅಯ್ಯೋ ನಿನ್ನ! ಒಂದೂವರೆ ವರ್ಷ ಮೆಷೀನಿಗೆ ಲೈನ್ ಹೊಡೀತಿದ್ಯಾ? ಆರ್ವೋ ಇದ್ದಿದ್ರೆ..." ಅಂದವನು, ಅವಳು ನಗುತ್ತಿಲ್ಲವೆಂದು ಕಂಡು ಟೋಪಿ ತೆಗೆದು ಬೋಲ್ಟಿನ ಡಬ್ಬಿಯ ಮೇಲಿಟ್ಟ.

"ನಾನೊಂದು ಹೇಳ್ತೀನಿ, ಯಾರಿಗೂ ಹೇಳ್ಬೇಡ."

"ಯಾರಿಗೆ ಹೇಳ್ಲಿ ನಾನು?"

"ನಿನ್ನ ಇಲ್ಲಿ ಕೂರಿಸಿದ ಮೇಲೂ, ಹಳೇ ಗಣಿ ತಿರುವಿಗೆ ಬಂದ ಕೂಡ್ಲೇ 'ಮೇಜಿನಮ್ಮಾ, ಆರು ತಿರುಗ್ತಾ ಇದೀನಿ' ಅಂತೀನಿ. ವೈರ್‌ಲೆಸ್ ಗುಂಡಿ ಒತ್ತಲ್ಲ. ಸುಮ್ನೆ ಲಾರಿ ಗಾಜಿಗೆ ಹೇಳ್ತೀನಿ. ಒತ್ತಿದ್ರೆ ಆ ದೂರದ ಕಟ್ಟಡದ ಹೊಸಬರು 'ಸರಿ' ಅಂತಷ್ಟೇ ಅಂತಾರೆ, ಅವರಿಗೆ ತಿರುವಿನ ಹೆಸರೂ ಗೊತ್ತಿಲ್ಲ. ಅರವತ್ತೆರಡು ವರ್ಷದ ಮುದುಕ ಗಾಜಿನ ಜತೆ ಮಾತಾಡ್ತೀನಿ. ಈಗ ನಗು ನೀನು."

ಲೆಂಪಿ ನಗಲಿಲ್ಲ. "ಗಣಿ ತಿರುವಿನ ಹತ್ರ ಗಾಳಿ ಹೆಂಗಿದೆ ಈ ವರ್ಷ?" ಎಂದು ಕೇಳಿದಳು.

"ಗೋರಿ ಹಿಂದಿರುಗೋ ಹೊತ್ತಿಗೆ ಮತ್ತೆ ತುಂಬಿರುತ್ತೆ. ನೀನಿದ್ದಾಗ ಮೊದಲು ಆಚೆ ಬದಿ ಗೋರಿಸ್ತಿದ್ದೆ. ಈಗ ನಕ್ಷೆ ನೋಡಿ ಹೇಳ್ತಾರೆ."

ಅರ್ಧ ಗಂಟೆ ಅದೇ ಮಾತಾಯಿತು: ಯಾವ ರಸ್ತೆ ಮೊದಲು, ಯಾವುದು ನಂತರ, ಎಲ್ಲಿ ಗಾಳಿ ತಿರುಗಿ ತುಂಬುತ್ತದೆ. ಡ್ವೇನ್ ಹೋದ ಮೇಲೆ ಲೆಂಪಿ ಅದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಆ ಮೇ ತಿಂಗಳಲ್ಲಿ ಅವನು ನಿವೃತ್ತನಾಗಿ ಅರಿಜೋನಾದ ಮಗಳ ಮನೆಗೆ ಹೊರಟ. ಹೊರಡುವ ದಿನ ಬಂದು, "ಅಲ್ಲಿ ಹಿಮ ಬೀಳಲ್ಲವಂತೆ, ಏನ್ ಮಾಡ್ಲಿ ನಾನು?" ಅಂದ.

ಲ್ಯಾಪ್‌ಟಾಪನ್ನು ಬ್ರೆಡ್ಡಿನ ಡಬ್ಬಿಯ ಮೇಲಿಂದ ಇಳಿಸಿದ್ದು ಅವನು ಹೋದ ಮೇಲೆಯೇ. ನಾಲ್ಕನೇ ದರ್ಜೆ ಮುಟ್ಟಿದವರು ತಮ್ಮದೇ ಸವಾಲು ಬರೆದು ಉಳಿದವರ ಮುಂದಿಡಬಹುದಿತ್ತು, ಬಿಡಿಸಿದವರ ಜತೆ ಟಿಪ್ಪಣಿ ಬರೆದು ಮಾತಾಡಲೂ ಬಹುದಿತ್ತು. ಅವಳು ಅಲ್ಲಿಗೆ ಏರಿದಳು, ಪಟ್ಟಿಯ ಕಡೆ ಕಣ್ಣೂ ಹಾಯಿಸದೆ. ಹಳೆಬೂಟಿನ ಚಪ್ಪಾಳೆ ಬಂದರೆ ಬರಲಿ, ತಿರುಗಿ ಕಳಿಸುವುದನ್ನು ಬಿಟ್ಟಳು. ಬಿಡುವುದು ಸುಲಭವೇನೂ ಆಗಲಿಲ್ಲ. ಮೊದಮೊದಲು ಬೆರಳು ತಾನಾಗಿ ಅತ್ತ ಹೋಗುತ್ತಿತ್ತು.

ಆ ಬೇಸಿಗೆಯ ಭಾನುವಾರಗಳಲ್ಲೆಲ್ಲ ಕೂತು ಅವಳು ತನ್ನ ಸವಾಲು ಬರೆದಳು. ಮೂರು ಲಾರಿ, ನಲವತ್ತೊಂದು ರಸ್ತೆ. ಕೆಲವು ರಸ್ತೆಗಳು ಗೋರಿದ ಇಷ್ಟು ಹೊತ್ತಿಗೆ ಗಾಳಿಗೆ ಮತ್ತೆ ಮುಚ್ಚಿಹೋಗುತ್ತವೆ. ಎಲ್ಲ ರಸ್ತೆಯೂ ಒಮ್ಮೆಗೇ ತೆರೆದಿರುವಂತೆ ಲಾರಿಗಳನ್ನು ಓಡಿಸಿ. ಹನ್ನೆರಡು ದಿನ ಯಾರೂ ಮುಟ್ಟಲಿಲ್ಲ. ಹದಿಮೂರನೇ ದಿನ ಒಬ್ಬರು ಬಿಡಿಸಿದರು, ಅಚ್ಚುಕಟ್ಟಾಗಿ, ಒಂದೂ ಮಾತಿಲ್ಲದೆ. ಮನುಷ್ಯರೋ ಅಲ್ಲವೋ ಎಂದು ಲೆಂಪಿಗೆ ಅನುಮಾನ.

ಆಮೇಲೆ ಒಂದು ತಪ್ಪು ಉತ್ತರ ಬಂತು. ಆ ಉತ್ತರದಲ್ಲಿ ಲಾರಿಗಳು ಗುಡ್ಡದ ಮೇಲಿಂದ ಕೆಳಗಿಳಿದವು, ಹಿಂದಕ್ಕೆ ಬರಲೇ ಇಲ್ಲ. ಕೆಳಗಿನ ಟಿಪ್ಪಣಿಯಲ್ಲಿ ಹೀಗಿತ್ತು: "ನಿಮ್ಮ ಪರೀಕ್ಷೆ ನನ್ನದು ತಪ್ಪು ಅನ್ನುತ್ತೆ. ಲಾರಿ ತಿರುಗಿ ಬರಬೇಕಾ? ನಮ್ಮಲ್ಲಿ ನೀರು ತಿರುಗಿ ಬರಲ್ಲ. ನಾನು ಹಿಮ ಗೋರೋದನ್ನ ಕಂಡವಳೇ ಅಲ್ಲ." ಬರೆದವಳ ಹೆಸರು ಎಲೋಯ್ಸಾ ಬಾಕಾ. ನ್ಯೂ ಮೆಕ್ಸಿಕೋದ ಒಂದು ಕಣಿವೆಯಲ್ಲಿ ಕಾಲುವೆಯ ನೀರನ್ನು ಇಪ್ಪತ್ಮೂರು ಮನೆಗಳ ಹೊಲಕ್ಕೆ ಸರದಿಯಂತೆ ಬಿಡುವವಳು, ನಮ್ಮ ಮಾತಿನಲ್ಲಿ ನೀರುಗಂಟಿ. ಆ ಸರದಿಯ ಜಗಳ ತಪ್ಪಿಸಲೆಂದೇ ಅರವತ್ತೆಂಟನೇ ವಯಸ್ಸಿನಲ್ಲಿ ಪ್ರೋಗ್ರಾಮಿಂಗಿಗೆ ಕೂತಿದ್ದಳು.

ಲೆಂಪಿ ಆ ತಪ್ಪು ಉತ್ತರವನ್ನು ಮೂರು ಸಲ ಓದಿದಳು. ಇಂಥ ತಪ್ಪನ್ನು ಯಾವ ಬಳಗವೂ ಕೂತು ಹುಟ್ಟಿಸಲಾರದು. ಆಮೇಲೆ ಎರಡು ಪುಟ ಉತ್ತರ ಬರೆದಳು.

ಲೆಂಪಿಯಿಂದ ವಾರಕ್ಕೊಂದು ಪತ್ರ ಶುರುವಾಯಿತು. ಎಲೋಯ್ಸಾಳದು ಯಾವತ್ತು ಬರುತ್ತದೆಂದು ಹೇಳುವ ಹಾಗಿರಲಿಲ್ಲ. ಕೆಲವು ಸಲ ಎರಡು ದಿನಕ್ಕೆ, ಕೆಲವು ಸಲ ಮೂರು ವಾರಕ್ಕೆ. ಒಮ್ಮೆ ಐದು ವಾರ ಬರಲಿಲ್ಲ. ಆರನೇ ವಾರ ಬಂದದ್ದು ಎರಡೇ ಸಾಲು: ಅಕ್ಕ ತೀರಿಕೊಂಡಳು, ಅದರ ಕೆಳಗೆ ಒಂದು ಫೋನ್ ನಂಬರು. ಲೆಂಪಿ ಆ ನಂಬರನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ನಾಲ್ಕು ದಿನ ಸುಮ್ಮನಿದ್ದಳು. ಭಾನುವಾರ ಮಧ್ಯಾಹ್ನ ಕೋಟು ಹಾಕಿಕೊಂಡೇ, ಎಲ್ಲಿಗೋ ಹೊರಟವಳಂತೆ ನಿಂತು, ನಂಬರು ಒತ್ತಿದಳು.

"ಯಾರು?"

"ನಾನು... ಲಾರಿಯವಳು. ಲೆಂಪಿ."

ಆ ಕಡೆಯಿಂದ ಎಲೋಯ್ಸಾ, "ಹೆಸರು ಹೀಗೆ ಹೇಳ್ತಾರಾ? ನಾನು ಇಷ್ಟು ದಿನ ಬೇರೆ ಥರ ಓದ್ಕೊಂಡಿದ್ದೆ ಕಣ್ರೀ."

"ಅಕ್ಕನ ವಿಷಯ ಓದಿದೆ. ಏನು ಬರೀಬೇಕೋ ಗೊತ್ತಾಗ್ಲಿಲ್ಲ."

"ಬರೆಯೋದಕ್ಕೆ ಏನಿದೆ? ಹೋಗ್ಬಿಟ್ಲು." ಫೋನಿನ ಆ ಕಡೆ ದೂರದಲ್ಲಿ ನಾಯಿಯೊಂದು ಬೊಗಳಿತು. "ನಿಮ್ಮಲ್ಲಿ ಬೀಳ್ತಿದೆಯಾ ಹಿಮ?"

"ಬೆಳಗ್ಗೆಯಿಂದ. ನಿಮ್ಮಲ್ಲಿ?"

"ಬರೀ ಧೂಳು."

ಇಬ್ಬರೂ ಮಾತು ಬಲ್ಲವರಲ್ಲ. ಹನ್ನೊಂದು ನಿಮಿಷಕ್ಕೆ ಕರೆ ಮುಗಿಯಿತು. ಫೋನು ಇಟ್ಟ ಮೇಲೆ ಮನೆ ಮೊದಲಿನಷ್ಟೇ ನಿಶ್ಶಬ್ದವಾಗಿತ್ತು. ಲೆಂಪಿ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಮುಂದಿನ ಭಾನುವಾರ ಯಾರು ಕರೆ ಮಾಡಬೇಕೆಂದು ಮಾತಾಡಿಕೊಂಡಿಲ್ಲವೆಂಬುದು ಆಗ ನೆನಪಾಯಿತು.

ಆ ಭಾನುವಾರ ಮೂರು ಗಂಟೆಯವರೆಗೆ ಕಾದಳು. ಕರೆ ಬರಲಿಲ್ಲ. ತಾನೇ ಮಾಡಿದಳು. ಎತ್ತಿದ್ದು ಬೇರೆ ಯಾರೋ, ಎಲೋಯ್ಸಾಳ ಸೊಸೆ.

"ಅತ್ತೆ ಕಾಲುವೆ ಹತ್ರ ಹೋಗಿದಾರೆ, ಫೋನ್ ಇಲ್ಲೇ ಬಿಟ್ಟು. ಬಂದ್ರೆ ಯಾರು ಅಂತ ಹೇಳ್ಲಿ?"

"ಮಿಷಿಗನ್ನಿನ ಲೆಂಪಿ ಮಾಡಿದ್ರು ಅಂತ ಹೇಳಿ. ಕೆಲಸ ಏನಿಲ್ಲ. ಸುಮ್ನೆ ಮಾಡಿದ್ರು ಅಂತ ಹೇಳಿ."